ಅಲೆಕ್ಸ್ ಮಾಸ್ಕಿ ಅವರನ್ನು ಕುರಿತ ನಿಮ್ಮ ಲೇಖನ

ಮಾನ್ಯರೇ,

ಬೆಲ್‌ಫಾಸ್ಟ್ ನಗರ ಪಾಲಿಕೆಯ ಸದಸ್ಯರಾಗಿ ಆರಂಭಿಸಿ ಉತ್ತರ ಐರ್ಲೆಂಡ್ ವಿಧಾನಸಭೆಯ ಸ್ಪೀಕರ್ ಆದ ಅಲೆಕ್ಸ್ ಮಾಸ್ಕಿ ಅವರ ಬಗ್ಗೆ ನೀವು ಕಳುಹಿಸಿದ ವ್ಯಕ್ತಿಚಿತ್ರವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ವಸ್ತುವಿನ ಆಯ್ಕೆ ಬಹಳ ಚೆನ್ನಾಗಿದೆ, ನೀವು ಶ್ರದ್ಧೆಯಿಂದ ಓದಿಕೊಂಡಿರುವುದೂ ಕಾಣುತ್ತದೆ. ಆದ್ದರಿಂದ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ನನ್ನ ಮುಖ್ಯ ಆಕ್ಷೇಪವೆಂದರೆ ಲೇಖನ ಹುದ್ದೆಗಳ ಪಟ್ಟಿಯಾಗಿಬಿಟ್ಟಿದೆ. 1983ರಲ್ಲಿ ಪಾಲಿಕೆ, 1998ರಲ್ಲಿ ವಿಧಾನಸಭೆ, 2002ರಲ್ಲಿ ಲಾರ್ಡ್ ಮೇಯರ್, 2020ರಲ್ಲಿ ಸ್ಪೀಕರ್ ಎಂದು ಅವರನ್ನು ಮೆಟ್ಟಿಲು ಹತ್ತಿಸುತ್ತಾ ಹೋಗಿದ್ದೀರಿ. ಆ ಸಭೆಗಳಿಗೆ ಎಷ್ಟು ಅಧಿಕಾರವಿತ್ತು, ಅವುಗಳಲ್ಲಿ ಕುಳಿತ ಮನುಷ್ಯ ಏನು ಮಾಡಬಹುದಿತ್ತು, ಎದುರು ಸಾಲಿನವರು ಅವರನ್ನು ಯಾವ ಕಣ್ಣಿನಿಂದ ನೋಡುತ್ತಿದ್ದರು ಎಂಬುದು ಓದುಗನಿಗೆ ಗೊತ್ತಾಗುವುದೇ ಇಲ್ಲ.

ಪಾಲಿಕೆಯನ್ನೇ ತೆಗೆದುಕೊಳ್ಳಿ. ಮನೆ ಹಂಚಿಕೆಯಲ್ಲಿ ಕ್ಯಾಥೊಲಿಕರಿಗೆ ಅನ್ಯಾಯವಾಗುತ್ತಿದೆ ಎಂಬ ದೂರು ಅಲ್ಲಿನ 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯ ಬೇರಿನಲ್ಲೇ ಇತ್ತು. ಮನೆ ಹಂಚುವ ಆ ಕೆಲಸ 1971ರಲ್ಲಿ ಸ್ಥಾಪನೆಯಾದ ಹೌಸಿಂಗ್ ಎಕ್ಸಿಕ್ಯುಟಿವ್ ಎಂಬ ಪ್ರತ್ಯೇಕ ಸಂಸ್ಥೆಗೆ ಹೋಯಿತು. ಶಾಲೆ, ರಸ್ತೆಗಳ ಹೊಣೆಯೂ ಪಾಲಿಕೆಗಳ ಕೈತಪ್ಪಿತು. 1973ರಿಂದಾಚೆಗೆ ಅವುಗಳ ಪಾಲಿಗೆ ಉಳಿದದ್ದು ಕಸ ವಿಲೇವಾರಿ, ಉದ್ಯಾನ, ಈಜುಕೊಳ, ಸ್ಮಶಾನದಂಥ ಬಾಬತ್ತುಗಳು. ಇಷ್ಟು ಕಡಿಮೆ ಅಧಿಕಾರದ ಸಭೆಯೊಳಗೆ, ಸಂಘರ್ಷದ ಆ ವರ್ಷಗಳಲ್ಲಿ, ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಿ ಐರ್ಲೆಂಡಿಗೆ ಸೇರಿಸಬೇಕೆನ್ನುವ ಶಿನ್ ಫೇನ್ ಪಕ್ಷದ ಮೊದಲ ಸದಸ್ಯರಾಗಿ ಮಾಸ್ಕಿ ಉಪಚುನಾವಣೆಯಲ್ಲಿ ಗೆದ್ದು ಕಾಲಿಟ್ಟಾಗ, ಜಗಳ ನಡೆದದ್ದು ಅವರಿಗೆ ಮಾತನಾಡುವ ಹಕ್ಕು ಇದೆಯೇ ಎಂಬುದರ ಮೇಲೆ. ನಿಮ್ಮ ಲೇಖನದಲ್ಲಿ 1983ರಿಂದ 1998ರವರೆಗಿನ ಈ ಹದಿನೈದು ವರ್ಷಗಳಿಗೆ ಸಿಕ್ಕಿರುವುದು ಒಂದೇ ಪ್ಯಾರಾ. ನನ್ನ ದೃಷ್ಟಿಯಲ್ಲಿ ಇಡೀ ಬರಹದ ಜೀವ ಅಲ್ಲೇ ಇದೆ.

ಇಲ್ಲೇ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1987ರಲ್ಲಿ ಅವರ ಮನೆಯಲ್ಲೇ ಅವರ ಮೇಲೆ ಗುಂಡಿನ ದಾಳಿ ನಡೆದದ್ದನ್ನು ಮೈ ಜುಮ್ಮೆನ್ನುವಂತೆ ಬರೆದಿದ್ದೀರಿ, ಸರಿ. 1993ರಲ್ಲಿ ಅದೇ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಅವರ ಗೆಳೆಯನ ಹತ್ಯೆಯಾದದ್ದನ್ನು ಬಿಟ್ಟಿದ್ದೀರಿ. ಅದಕ್ಕಿಂತ ದೊಡ್ಡ ಲೋಪವೆಂದರೆ, ಬ್ರಿಟನ್ನಿನ ಜೊತೆಗೇ ಉಳಿಯಬೇಕೆನ್ನುವ ಯೂನಿಯನಿಸ್ಟ್ ಸದಸ್ಯರು ಅವರ ಮಾತು ಕೇಳಲು ಏಕೆ ಒಪ್ಪಲಿಲ್ಲ ಎಂಬುದಕ್ಕೆ ‘ದ್ವೇಷ’ ಎಂಬ ಒಂದೇ ಪದವನ್ನು ಬಳಸಿ ಮುಂದೆ ಹೋಗಿರುವುದು. ಮಾಸ್ಕಿ ಪಾಲಿಕೆಗೆ ಆಯ್ಕೆಯಾದ ಅದೇ 1983ರ ಡಿಸೆಂಬರ್‌ನಲ್ಲಿ, ಅಂದಿನ ವಿಧಾನಸಭೆಯ ಯೂನಿಯನಿಸ್ಟ್ ಸದಸ್ಯರೂ ಕಾನೂನು ಉಪನ್ಯಾಸಕರೂ ಆಗಿದ್ದ ಎಡ್ಗರ್ ಗ್ರಹಾಂ ಅವರನ್ನು ಕ್ವೀನ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿ, ಬ್ರಿಟಿಷ್ ಆಡಳಿತವನ್ನು ಕೊನೆಗಾಣಿಸಲು ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆ ಗುಂಡಿಟ್ಟು ಕೊಂದಿತು. ಆ ಐಆರ್‌ಎಯ ಸಶಸ್ತ್ರ ಹೋರಾಟವನ್ನು ಬಹಿರಂಗವಾಗಿ ಬೆಂಬಲಿಸುತ್ತಿದ್ದ ಪಕ್ಷದ ಪ್ರತಿನಿಧಿಯೊಬ್ಬರು ಎದುರು ಬಂದು ಕುಳಿತಾಗ, ಸಹೋದ್ಯೋಗಿಯನ್ನು ಕಳೆದುಕೊಂಡವರಿಗೆ ಏನನ್ನಿಸಿರಬಹುದು? ಎರಡೂ ಕಡೆಯ ಸಾವುಗಳನ್ನು ಪಕ್ಕಪಕ್ಕದಲ್ಲಿ ಇಡದೆ ಈ ವ್ಯಕ್ತಿಚಿತ್ರ ಬರೆಯುವುದು ನ್ಯಾಯವಲ್ಲ ಎಂಬುದು ನನ್ನ ದೃಢ ನಂಬಿಕೆ.

ಹಾಗೆ ಇಟ್ಟರೆ ಮಾತ್ರ 2002ರ ಜುಲೈ 1ರ ಬೆಳಗಿನ ತೂಕ ಓದುಗನಿಗೆ ತಿಳಿಯುತ್ತದೆ. ನೀವು ಅದನ್ನು ‘ಹೂಗುಚ್ಛ ಅರ್ಪಿಸಿ ಸೌಹಾರ್ದ ಮೆರೆದರು’ ಎಂದು ಮುಗಿಸಿದ್ದೀರಿ. ಅದು ಹೂಗುಚ್ಛವಲ್ಲ, ಲಾರೆಲ್ ಎಲೆಗಳ ಹಾರ. 1916ರ ಅದೇ ದಿನ ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ಬ್ರಿಟಿಷ್ ಸೇನೆಯ 36ನೇ ಅಲ್‌ಸ್ಟರ್ ಡಿವಿಷನ್ನಿನ ಸಾವಿರಾರು ಸೈನಿಕರು ಸತ್ತರು, ಗಾಯಗೊಂಡರು. ಯೂನಿಯನಿಸ್ಟ್ ಮನೆಗಳಲ್ಲಿ ಅದು ಇಂದಿಗೂ ಆರದ ನೋವು. ಬೆಲ್‌ಫಾಸ್ಟಿನ ಮೊದಲ ಶಿನ್ ಫೇನ್ ಲಾರ್ಡ್ ಮೇಯರ್ ಸಿಟಿ ಹಾಲ್ ಆವರಣದ ಯುದ್ಧ ಸ್ಮಾರಕಕ್ಕೆ ಆ ಹಾರವನ್ನಿಟ್ಟರು, ಆದರೆ ವಿಧ್ಯುಕ್ತ ಸಮಾರಂಭಕ್ಕೆ ಮುಂಚೆಯೇ ಇಟ್ಟು, ಸಮಾರಂಭದಿಂದ ದೂರ ಉಳಿದರು. ಬಂದರು ಎಂಬುದೂ ನಿಜ, ಪೂರ್ತಿ ಬರಲಿಲ್ಲ ಎಂಬುದೂ ನಿಜ. ತಮ್ಮ ಕಚೇರಿಯಲ್ಲಿ ಬ್ರಿಟಿಷ್ ಧ್ವಜದ ಜೊತೆಗೆ ಐರ್ಲೆಂಡಿನ ತ್ರಿವರ್ಣ ಧ್ವಜವನ್ನೂ ಇರಿಸಿದವರು ಅವರೇ. ಈ ದೃಶ್ಯಕ್ಕೆ ಎರಡು ಪುಟ ಕೊಡಿ.

ಕೆಲವು ತಪ್ಪುಗಳನ್ನು ತಿದ್ದಲೇಬೇಕು. ಸ್ಟಾರ್ಮಾಂಟಿನಲ್ಲಿ ಸೇರುವುದು ಉತ್ತರ ಐರ್ಲೆಂಡಿನ ವಿಧಾನಸಭೆ. ‘ಐರ್ಲೆಂಡ್ ಸಂಸತ್ತು’ ಇರುವುದು ಡಬ್ಲಿನ್ನಿನಲ್ಲಿ. ಲಾರ್ಡ್ ಮೇಯರ್ ಹುದ್ದೆ ಒಂದು ವರ್ಷದ್ದು, ಬಹುಮಟ್ಟಿಗೆ ಗೌರವದ್ದು. ಅವರು ‘ನಗರವನ್ನು ಆಳಿದರು’ ಎಂದು ಬರೆಯಬೇಡಿ. 2014ರಲ್ಲಿ ದಕ್ಷಿಣ ಬೆಲ್‌ಫಾಸ್ಟ್ ಕ್ಷೇತ್ರ ಬಿಟ್ಟು ಪಶ್ಚಿಮಕ್ಕೆ ಮರಳಿದಾಗ ಅವರು ‘ಉಪಚುನಾವಣೆ ಗೆದ್ದರು’ ಎಂದಿದ್ದೀರಿ. ಅಲ್ಲಿ ವಿಧಾನಸಭೆಯ ಸ್ಥಾನ ತೆರವಾದರೆ ಪಕ್ಷವೇ ಬದಲಿ ಸದಸ್ಯರನ್ನು ಸೂಚಿಸುತ್ತದೆ. ಮತದಾನದ ಕ್ರಮವನ್ನು ‘ಜಟಿಲ ಪದ್ಧತಿ’ ಎಂದು ಬಿಟ್ಟುಬಿಡುವ ಅಗತ್ಯವಿಲ್ಲ. ನಮ್ಮ ರಾಜ್ಯಸಭೆ ಮತ್ತು ವಿಧಾನ ಪರಿಷತ್ ಚುನಾವಣೆಗಳ ಪ್ರಾಶಸ್ತ್ಯ ಮತವನ್ನು ಬಲ್ಲ ಓದುಗರಿಗೆ, ಅಲ್ಲಿ ಸಾಮಾನ್ಯ ಮತದಾರನೂ ಹಾಗೆಯೇ 1, 2, 3 ಎಂದು ಗುರುತು ಹಾಕುತ್ತಾನೆ, 1998ರಲ್ಲಿ ಒಂದೊಂದು ಕ್ಷೇತ್ರದಿಂದ ಆರು ಮಂದಿ ಆಯ್ಕೆಯಾಗುತ್ತಿದ್ದರು ಎಂದರೆ ಸಾಕು.

ಇನ್ನು ಕೊನೆಯ ಭಾಗ. 2020ರ ಜನವರಿಯಲ್ಲಿ ಸ್ಪೀಕರ್ ಪೀಠವೇರಿದಲ್ಲಿಗೆ ಕಥೆ ಮುಗಿಸಿದ್ದೀರಿ, ಅದರ ಅತ್ಯಂತ ವಿಚಿತ್ರ ಅಧ್ಯಾಯ ಶುರುವಾಗುವುದೇ ಆನಂತರ. 2022ರ ಮೇ ಚುನಾವಣೆಯಲ್ಲಿ ಮಾಸ್ಕಿ ಸ್ಪರ್ಧಿಸಲಿಲ್ಲ. ಹೊಸ ಸ್ಪೀಕರ್ ಆಯ್ಕೆಗೆ ಯೂನಿಯನಿಸ್ಟ್ ಮತ್ತು ಐರ್ಲೆಂಡಿನ ಏಕೀಕರಣ ಬಯಸುವ ನ್ಯಾಷನಲಿಸ್ಟ್ ಎರಡೂ ಬಣಗಳಿಂದ ನಿಗದಿತ ಪ್ರಮಾಣದ ಬೆಂಬಲ ಬೇಕು. 90ರಲ್ಲಿ 25 ಸ್ಥಾನ ಗೆದ್ದಿದ್ದ ಯೂನಿಯನಿಸ್ಟ್ ಪಕ್ಷ ಡಿಯುಪಿ, ಬ್ರೆಕ್ಸಿಟ್ ನಂತರದ ವ್ಯಾಪಾರ ವ್ಯವಸ್ಥೆಯನ್ನು ವಿರೋಧಿಸಿ ಬೆಂಬಲ ಕೊಡಲಿಲ್ಲ. ಸ್ಪೀಕರ್ ಆಯ್ಕೆಯಾಗದೆ ಸದನದಲ್ಲಿ ಬೇರಾವ ಕಲಾಪವೂ ನಡೆಯುವಂತಿಲ್ಲ, ಹೊಸಬರು ಬರುವವರೆಗೆ ಹಳಬರೇ ಹುದ್ದೆಯಲ್ಲಿ ಮುಂದುವರಿಯುತ್ತಾರೆ. ಹೀಗಾಗಿ ಶಾಸಕರೇ ಅಲ್ಲದ ಮಾಸ್ಕಿ, 2024ರ ಫೆಬ್ರವರಿ 3ರಂದು ಡಿಯುಪಿಯ ಎಡ್ವಿನ್ ಪೂಟ್ಸ್ ಆಯ್ಕೆಯಾಗುವವರೆಗೆ ಇಪ್ಪತ್ತು ತಿಂಗಳಿಗೂ ಹೆಚ್ಚು ಕಾಲ, ನಡೆಯದ ಸದನದ ಸ್ಪೀಕರ್ ಆಗಿ ಉಳಿದರು. ಒಂದು ಕಾಲಕ್ಕೆ ಯಾರ ಮಾತನ್ನು ಕೇಳಲು ಸಭೆ ಒಪ್ಪಿರಲಿಲ್ಲವೋ, ಅವರ ಕೊನೆಯ ಕೆಲಸ ಇತರರಿಗೆ ಮಾತನಾಡುವ ಅವಕಾಶ ಕೊಡಲು ಕಾಯುತ್ತಾ ಕೂರುವುದಾಯಿತು.

ಲೇಖನವನ್ನು ಈ ಕಾಯುವಿಕೆಯಿಂದಲೇ ಆರಂಭಿಸಿ, 1983ಕ್ಕೆ ಹಿಂದಿರುಗಿ. ‘ಬಾಕ್ಸಿಂಗ್ ಕಣದಿಂದ ಸ್ಪೀಕರ್ ಪೀಠಕ್ಕೆ’ ಎಂಬ ಶೀರ್ಷಿಕೆ ಬೇಡ. ಎರಡೂವರೆ ಸಾವಿರ ಪದಗಳ ಒಳಗೆ ತಿದ್ದಿ ಕಳುಹಿಸಿದರೆ ನಾನೇ ಮೊದಲು ಓದುತ್ತೇನೆ.

ಇತಿ,
ಸಂಪಾದಕ