ಮೈಕ್ ಮುಂದೆ ನಿಂತ ಕೂಡಲೇ ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. ಏನು ಮಾಡಲಿ?

ಮುಂದಿನ ತಿಂಗಳು ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಪೋಷಕರ ಪರವಾಗಿ ಐದು ನಿಮಿಷ ಮಾತಾಡಬೇಕು, ಈಗಿನಿಂದಲೇ ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀರಿ. ಹೆದರಬೇಡಿ ಅಂತ ನಾನು ಹೇಳುವುದಿಲ್ಲ. ನನಗೂ ಎಲ್ಲರೂ ಅದನ್ನೇ ಹೇಳುತ್ತಿದ್ದರು, ಮೂರು ಕಾಸಿನ ಉಪಯೋಗ ಆಗಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಊರ ಗಣಪತಿ ಹಬ್ಬದಲ್ಲಿ ವಂದನಾರ್ಪಣೆ ನನ್ನ ತಲೆಗೆ ಬಂತು. ವಂದನಾರ್ಪಣೆ ಅಂದರೆ ಗೊತ್ತಲ್ವಾ, ಜನ ಎದ್ದು ಊಟದ ಪಂಕ್ತಿ ಕಡೆ ಹೊರಡುವ ಹೊತ್ತಿನ ಮಾತು. ಯಾರೂ ಕೇಳುವುದಿಲ್ಲ. ಆದರೂ ಹಾಳೆ ಹಿಡಿದ ಕೈ ಎಷ್ಟು ನಡುಗಿತು ಅಂದರೆ, ಅದು ಮೈಕಿಗೆ ತಾಗಿ ಪರಪರ ಅನ್ನುವ ಸದ್ದು ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿಸಿತು. ಹೊರಟವರೂ ತಿರುಗಿ ನೋಡಿದರು. ಶಾಮಿಯಾನದವರ ಹೆಸರು ಎರಡು ಸಲ ಓದಿದೆ, ಅಡುಗೆ ಭಟ್ಟರನ್ನು ಬಿಟ್ಟೇಬಿಟ್ಟೆ. ಅವರು ಇವತ್ತಿಗೂ ಪಾಯಸ ಬಡಿಸುವಾಗ ಅದನ್ನು ನೆನಪಿಸುತ್ತಾರೆ. ಆಮೇಲೆ ಹತ್ತು ವರ್ಷ ನಾನು ಮೈಕಿನ ಕಡೆ ತಲೆ ಹಾಕಿ ಮಲಗಲಿಲ್ಲ.

ಮೈಯಲ್ಲಿ ಆಗುವುದು ಇಷ್ಟು. ಅಷ್ಟೊಂದು ಕಣ್ಣು ಒಟ್ಟಿಗೆ ನಮ್ಮನ್ನೇ ನೋಡಿದರೆ ಮೆದುಳು ಅದನ್ನು ಅಪಾಯ ಅಂತ ತಿಳಿಯುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿ ಅಡ್ರಿನಾಲಿನ್ ಸುರಿಸುತ್ತದೆ. ತೋಟದಲ್ಲಿ ಕಾಳಿಂಗ ಎದುರಾದಾಗ ಆಗುವುದೂ ಇದೇ. ಎದೆ ಹೊಡೆದುಕೊಳ್ಳುತ್ತದೆ. ರಕ್ತ ಹೊಟ್ಟೆ, ಚರ್ಮ ಬಿಟ್ಟು ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ. ಅದಕ್ಕೇ ಬೆರಳು ತಣ್ಣಗೆ, ಹೊಟ್ಟೆ ಕಲಸಿದ ಹಾಗೆ. ಜೊಲ್ಲು ಕಡಿಮೆಯಾಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಹಾವಾದರೆ ಓಡಬಹುದಿತ್ತು. ಪಕ್ಕದಲ್ಲಿ ಹೆಡ್‌ಮಾಸ್ಟರು ಕೂತಿರುವಾಗ ಓಡುವ ಹಾಗಿಲ್ಲ. ಓಡಲು ತಯಾರಾದ ಕಾಲು ನಿಂತಲ್ಲೇ ನಡುಗದೆ ಇನ್ನೇನು ಮಾಡೀತು?

ಇದು ರೋಗವಲ್ಲ, ಅಳ್ಳೆದೆಯೂ ಅಲ್ಲ ಅಂತ ನನಗೆ ಗೊತ್ತಾಗಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷದವರು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ. ನಮ್ಮ ಸೋದರಮಾವನಿಗೆ ಆಟದ ಹುಚ್ಚು. ಒಂದು ರಾತ್ರಿ ಅವರ ಜೊತೆ ಬಣ್ಣ ಹಚ್ಚುವುದನ್ನು ನೋಡಲು ಹೋಗಿದ್ದೆ. ನಲವತ್ತು ವರ್ಷ ವೇಷ ಹಾಕಿದ ಹಿರಿಯರೊಬ್ಬರು ಮುಂಡಾಸು ಕಟ್ಟಿಸಿಕೊಳ್ಳುತ್ತಿದ್ದರು. ಮುಖ ಮಾತ್ರ ಕಲ್ಲಿನ ಹಾಗೆ. ಕೆಳಗೆ ಬಲಗಾಲು ಒಂದೇ ಸಮ ಅಲ್ಲಾಡುತ್ತಿತ್ತು, ಗೆಜ್ಜೆ ಸಣ್ಣಗೆ ಸದ್ದು ಮಾಡುತ್ತಿತ್ತು. "ನಿಮಗೂ ಹೆದರಿಕೆಯಾ?" ಅಂತ ಕೇಳಿಯೇಬಿಟ್ಟೆ. "ಚೆಂಡೆಗೆ ಪೆಟ್ಟು ಬೀಳೋವರೆಗೆ ಮಾರಾಯ. ಆಮೇಲೆ ಪದ್ಯವೇ ಕರ್ಕೊಂಡು ಹೋಗ್ತದೆ" ಅಂದರು.

ಈ ಮಾತಿನಲ್ಲಿ ನಿಮಗೆ ಬೇಕಾದ ಮುಕ್ಕಾಲು ಪಾಲು ಇದೆ. ಹೆದರಿಕೆ ಜಾಸ್ತಿ ಇರುವುದು ಕಾಯುವಾಗ ಮತ್ತು ಮೊದಲ ಒಂದೆರಡು ನಿಮಿಷ. ಆಮೇಲೆ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಇಡೀ ಭಾಷಣ ಬಾಯಿಪಾಠ ಮಾಡಬೇಡಿ, ನಡುವೆ ಒಂದು ಪದ ಮರೆತರೆ ಸರವೇ ಹರಿಯುತ್ತದೆ. ಮೊದಲ ನಾಲ್ಕು ವಾಕ್ಯ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವ ಹಾಗೆ ಕಲಿಯಿರಿ.

ಎಷ್ಟು ಕಲಿತರೆ ಸಾಕು ಅಂತ ಕೇಳಿದರೆ ಜಿರಳೆಯ ಕತೆ ಹೇಳಬೇಕು. 1969ರಲ್ಲಿ ರಾಬರ್ಟ್ ಝಾಯಂಟ್ಸ್ (Zajonc) ಎಂಬ ಮನಃಶಾಸ್ತ್ರಜ್ಞ ಮತ್ತು ಅವನ ಜೊತೆಯವರು ಜಿರಳೆಗಳನ್ನು ಓಡಿಸಿದರು, ನೋಡಲು ಬೇರೆ ಜಿರಳೆಗಳನ್ನೇ ಕೂರಿಸಿದರು! ನೇರ ದಾರಿಯಲ್ಲಿ ಪ್ರೇಕ್ಷಕರಿದ್ದಾಗ ಓಟ ಚುರುಕಾಯಿತು. ತಿರುವು ಇರುವ ದಾರಿಯಲ್ಲಿ ನಿಧಾನವಾಯಿತು. ಮನುಷ್ಯರದ್ದೂ ಹೆಚ್ಚುಕಡಿಮೆ ಇದೇ ಪಾಡು. ಪಳಗಿದ ಕೆಲಸ ಜನರೆದುರು ಇನ್ನೂ ಚೆನ್ನಾಗಿ ಆಗುತ್ತದೆ, ಅರೆಬರೆ ಕಲಿತದ್ದು ಕೈಕೊಡುತ್ತದೆ. ನಿಮ್ಮ ಮೊದಲ ನಾಲ್ಕು ವಾಕ್ಯ ನೇರ ದಾರಿ ಆಗಬೇಕು, ಅಷ್ಟೇ.

ಅಭ್ಯಾಸವನ್ನೂ ಯಕ್ಷಗಾನ ಮೇಳದವರ ಹಾಗೇ ಮಾಡಿ. ಹಿಂದೆ ಮೇಳಕ್ಕೆ ಸೇರಿದ ಹುಡುಗನನ್ನು ಮೊದಲ ದಿನವೇ ಕರ್ಣ ಮಾಡುತ್ತಿರಲಿಲ್ಲ. ಕತೆ ಶುರುವಾಗುವ ಮೊದಲು ಕುಣಿಯುವ ಕೋಡಂಗಿ ವೇಷ ಹಾಕಿ ಬಿಡುತ್ತಿದ್ದರು. ಜನ ಇನ್ನೂ ಚಾಪೆ ಹಾಸುತ್ತಾ, ಕಡಲೆಕಾಯಿ ಕೊಳ್ಳುತ್ತಾ ಇರುವ ಹೊತ್ತು, ಹೆಜ್ಜೆ ತಪ್ಪಿದರೂ ಕೇಳುವವರಿಲ್ಲ. ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷ. ಹೆದರಿಕೆಗೆ ಸ್ವಲ್ಪ ಸ್ವಲ್ಪವೇ ಮೈ ಒಡ್ಡಿ ಅಂತ ಈಗಿನ ಮನಃಶಾಸ್ತ್ರದವರು ಹೇಳುವುದೂ ಇದನ್ನೇ. ನಾನು ಶುರು ಮಾಡಿದ್ದು ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳುವುದರಿಂದ. ಗೊಬ್ಬರದ ದರದ ಬಗ್ಗೆ. ಉತ್ತರ ಏನು ಕೊಟ್ಟರೋ ದೇವರಾಣೆ ಕಿವಿಗೆ ಬೀಳಲಿಲ್ಲ. ನೀವು ಮೊದಲು ಮನೆಯವರ ಮುಂದೆ, ಮುಂದಿನ ವಾರ ಜಗಲಿಗೆ ಬಂದ ನಾಲ್ಕು ನೆಂಟರ ಮುಂದೆ ಹೇಳಿ. ಹಿಂದಿನ ದಿನ ಶಾಲೆಗೆ ಹೋಗಿ ಖಾಲಿ ಕುರ್ಚಿಗಳ ಎದುರು ಮೈಕ್ ಹಿಡಿದು ಒಂದು ಸಲ ಹೇಳಿ. ಸ್ಪೀಕರಿನಲ್ಲಿ ನಮ್ಮದೇ ದನಿ ಕೇಳಿ ಬೆಚ್ಚುವುದು ಅಲ್ಲೇ ಮುಗಿಯಲಿ.

ಇನ್ನೊಂದು ವಿಷಯ. ನಿಮ್ಮ ನಡುಕ ನಿಮಗೆ ಕಂಡಷ್ಟು ಜನರಿಗೆ ಕಾಣುವುದಿಲ್ಲ. ಸವಿಟ್ಸ್ಕಿ, ಗಿಲೊವಿಚ್ ಎಂಬ ಇಬ್ಬರು 2003ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ಅಷ್ಟೇ ಅಲ್ಲ, ಈ ಸಂಗತಿಯನ್ನು ಮೊದಲೇ ತಿಳಿದುಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಎದೆ ಹೊಡೆದುಕೊಳ್ಳುವುದು ನಿಮಗೆ ಚೆಂಡೆಯ ಹಾಗೆ ಕೇಳುತ್ತದೆ, ಮುಂದಿನ ಸಾಲಿನವರಿಗೂ ಕೇಳುವುದಿಲ್ಲ.

ಕಾಣುವುದು ಹಾಳೆ ಮಾತ್ರ. ಅದಕ್ಕೆ ಸುಮ್ನೆ ಒಂದು ಉಪಾಯ: ಹಳೇ ಲಗ್ನಪತ್ರಿಕೆಯ ಹಿಂದೆ ನಾಲ್ಕೈದು ಪದ ದಪ್ಪಗೆ ಬರೆದುಕೊಳ್ಳಿ. ದಪ್ಪ ಕಾಗದ, ಕೈ ಎಷ್ಟು ನಡುಗಿದರೂ ಪರಪರ ಅನ್ನುವುದಿಲ್ಲ. ಹೆಸರು ಕರೆಯುವ ಮೊದಲು ಉಸಿರು ಎಳೆದದ್ದಕ್ಕಿಂತ ಬಿಡುವುದನ್ನು ಉದ್ದ ಮಾಡಿ, ಆರೇಳು ಸಲ. ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ಬಿಸಿನೀರು ಒಂದು ಗುಟುಕು ಕುಡಿಯಿರಿ.

ಪ್ರೊಪ್ರನೊಲಾಲ್ ಮಾತ್ರೆಯ ಬಗ್ಗೆಯೂ ಕೇಳಿದ್ದೀರಿ. ಎದೆಬಡಿತ, ನಡುಕ ಕಡಿಮೆ ಮಾಡುತ್ತದೆ ನಿಜ, ಸಂಗೀತಗಾರರು ಕೆಲವರು ತೆಗೆದುಕೊಳ್ಳುತ್ತಾರೆ. ಆದರೆ ಆಸ್ತಮಾ ಇದ್ದವರಿಗೆ ಅದು ಅಪಾಯ. ಗೆಳೆಯರು ಕೊಟ್ಟರು ಅಂತ ನುಂಗಬೇಡಿ, ಡಾಕ್ಟರನ್ನು ಕೇಳಿ. ವರ್ಷಗಟ್ಟಲೆ ನಾಲ್ಕು ಜನರ ಜೊತೆ ಮಾತಾಡಲೂ ಆಗದಷ್ಟು ಹೆದರಿಕೆ ಇದ್ದರೆ ಆಗಲೂ ಡಾಕ್ಟರ ಹತ್ತಿರವೇ ಹೋಗಬೇಕು. ನೀವು ಬರೆದದ್ದು ನೋಡಿದರೆ ನಿಮ್ಮದು ಆ ಬಗೆಯದಲ್ಲ ಅನ್ನಿಸುತ್ತದೆ.

ನಿಮ್ಮ ಮೊದಲ ನಾಲ್ಕು ವಾಕ್ಯ ಬರೆದು ಇಲ್ಲೇ ಕೆಳಗೆ ಹಾಕಿ, ನೋಡೋಣ. "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಶುರು ಮಾಡಿದ್ದರೆ ಮಾತ್ರ ಹೊಡೆದುಹಾಕಿ. ಒಣಗಿದ ಬಾಯಲ್ಲಿ ಅದು ಹೊರಡುವುದಿಲ್ಲ.