ನಿಂತ ಎತ್ತಿನಲ್ಲಿ ಕುಂಟು ಕಾಣುವುದಿಲ್ಲ: ಮತ್ತೆ ಮತ್ತೆ ಬರುವ ಆಟದ ನೋವುಗಳು

ಹಾಸನದ ಫಿಸಿಯೋಥೆರಪಿಸ್ಟ್ ಒಬ್ಬರು ಈ ಬಾರಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಸರ್, ನನಗೆ 36 ವರ್ಷ. ಚಿಕ್ಕಮಗಳೂರಿನಲ್ಲಿ ಬ್ಯಾಂಕ್ ಕೆಲಸ. ಹಾಫ್ ಮ್ಯಾರಥಾನ್ ಓಡುವ ಆಸೆ. ವಾರದ ದಿನಗಳಲ್ಲಿ ಊರೊಳಗೆ 5 ಕಿ.ಮೀ. ಓಡುತ್ತೇನೆ. ಭಾನುವಾರ ಕೈಮರದಿಂದ ಗಿರಿ ರಸ್ತೆ ಹತ್ತಿ ಇಳಿಯುತ್ತೇನೆ. ಎಂಟು ತಿಂಗಳಿಂದ ಬಲ ಮಂಡಿಯ ಹೊರಬದಿಯಲ್ಲಿ ನೋವು. ನಾಲ್ಕನೇ ಕಿ.ಮೀ.ಗೆ ಸರಿಯಾಗಿ ಶುರುವಾಗುತ್ತದೆ. ಎರಡು ವಾರ ಓಟ ಬಿಟ್ಟರೆ ಮಾಯ, ಮತ್ತೆ ಓಡಿದರೆ ವಾಪಸ್. ಎಂಆರ್‌ಐ ನಾರ್ಮಲ್. ಮುಲಾಮು, ನೀಕ್ಯಾಪ್, ಹೊಸ ಶೂ ಎಲ್ಲಾ ಆಯ್ತು. ಗೆಳೆಯರೊಬ್ಬರು ‘ಗೇಟ್ ಅನಾಲಿಸಿಸ್ ಮಾಡಿಸು’ ಎನ್ನುತ್ತಿದ್ದಾರೆ. ಉಪಯೋಗ ಇದೆಯಾ, ದುಡ್ಡು ದಂಡವಾ?

ಉತ್ತರ: ರಾಮನಾಥಪುರದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿದ್ದೀರಾ? ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ. ಅಷ್ಟಕ್ಕೇ ದುಡ್ಡು ಬಿಚ್ಚುವುದಿಲ್ಲ. ‘ನಾಲ್ಕು ಹೆಜ್ಜೆ ನಡೆಸಪ್ಪಾ’ ಎನ್ನುತ್ತಾರೆ. ನಿಂತಾಗ ಕಾಣದ ಕುಂಟು ನಡೆಯುವಾಗ ಕಾಣುತ್ತದೆ. ನಿಮ್ಮ ಎಂಆರ್‌ಐ ತೆಗೆದಿದ್ದು ಮಲಗಿಸಿ. ನೋವು ಬರುವುದು ಓಡುವಾಗ, ಅದೂ ನಾಲ್ಕು ಕಿ.ಮೀ. ಆದ ಮೇಲೆ. ಹಾಗಾಗಿ ಆ ರಿಪೋರ್ಟ್ ನಾರ್ಮಲ್ ಬಂದಿದ್ದು ನನಗೇನೂ ಆಶ್ಚರ್ಯವಲ್ಲ.

ಗೇಟ್ ಎಂದರೆ ಇಲ್ಲಿ ಎಸ್ಟೇಟ್ ಗೇಟ್ ಅಲ್ಲ, ನಡಿಗೆಯ ರೀತಿ. ನಡೆಯುವುದನ್ನು, ಓಡುವುದನ್ನು ವಿಡಿಯೋ ಮಾಡಿ, ನಿಧಾನಗತಿಯಲ್ಲಿ ನೋಡಿ, ಯಾವ ಕೀಲು ಎಷ್ಟು ಮಡಿಚುತ್ತಿದೆ, ಭಾರ ಎಲ್ಲಿ ಬೀಳುತ್ತಿದೆ ಎಂದು ಅಳೆಯುವುದು. ಓಡುವಾಗ ಪಾದ ನೆಲಕ್ಕೆ ತಾಗಿರುವುದು ಹೆಚ್ಚುಕಡಿಮೆ ಕಾಲು ಸೆಕೆಂಡ್ ಮಾತ್ರ. ಬರಿಗಣ್ಣಿಗೆ ಅದು ಸಿಗುವುದಿಲ್ಲ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಫೋನ್ ಈಗ ಎಷ್ಟೋ ಜನರ ಕೈಯಲ್ಲಿದೆ. ಅದು ಸಾಕು. ಲಕ್ಷಗಟ್ಟಲೆ ಬೆಲೆಯ ಲ್ಯಾಬ್ ಎಲ್ಲರಿಗೂ ಬೇಕಿಲ್ಲ.

ಆದರೆ ಕ್ಯಾಮೆರಾಗಿಂತ ಮೊದಲು ನಿಮ್ಮ ಪತ್ರವನ್ನೇ ಓದೋಣ. ಅರ್ಧ ಉತ್ತರ ಅದರಲ್ಲೇ ಇದೆ. ಮಂಡಿಯ ಹೊರಬದಿ, ಪ್ರತಿ ಸಲ ಅಷ್ಟೇ ದೂರಕ್ಕೆ ಶುರು, ಗುಡ್ಡ ಇಳಿಯುವ ಅಭ್ಯಾಸ. ಇದು ಬಹುತೇಕ ಐಟಿ ಬ್ಯಾಂಡ್ ತೊಂದರೆ. ಸೊಂಟದ ಪಕ್ಕದಿಂದ ತೊಡೆಯ ಹೊರಬದಿಗೆ ಇಳಿದು ಮಂಡಿಯ ಕೆಳಗೆ ಅಂಟುವ ಗಟ್ಟಿ ಪಟ್ಟಿ ಅದು. ಮಂಡಿ ಸುಮಾರು 30 ಡಿಗ್ರಿ ಮಡಿಚಿದಾಗ ಪಕ್ಕದ ಮೂಳೆಯ ಉಬ್ಬಿಗೆ ಒತ್ತುತ್ತದೆ. ಇಳಿಜಾರಿನಲ್ಲಿ ಮಂಡಿ ಆ ಕೋನದಲ್ಲೇ ಜಾಸ್ತಿ ಹೊತ್ತು ಭಾರ ಹೊರುತ್ತದೆ. ಇನ್ನೊಂದು ವಿಷಯ. ಮಲೆನಾಡಿನ ರಸ್ತೆಗಳು ಮಳೆನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತವೆ. ನೀವು ಯಾವಾಗಲೂ ಎದುರಿನ ವಾಹನ ಕಾಣಲೆಂದು ರಸ್ತೆಯ ಬಲಕ್ಕೇ ಓಡುತ್ತಿದ್ದರೆ, ಬಲಗಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಎಂಟು ತಿಂಗಳು ಇದೇ ಕತೆ ಅಲ್ವಾ?

ಲೆಕ್ಕ ಹಾಕಿ ನೋಡಿ. ಒಂದು ಕಿ.ಮೀ.ಗೆ ಸುಮಾರು ಸಾವಿರ ಹೆಜ್ಜೆ. 5 ಕಿ.ಮೀ. ಓಡಿದರೆ ಬಲಗಾಲಿನ ಪಾಲು ಎರಡೂವರೆ ಸಾವಿರ. ಪ್ರತಿ ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರ. ಹೆಜ್ಜೆಯಲ್ಲಿ ಕೂದಲೆಳೆಯಷ್ಟು ಓರೆ ಇದ್ದರೂ ಅದು ಎರಡೂವರೆ ಸಾವಿರ ಸಲ ಮರುಕಳಿಸುತ್ತದೆ.

ಪರೀಕ್ಷೆ ಹೇಗಿರುತ್ತದೆ? ಮಂಡಿ, ಸೊಂಟದ ಎಲುಬುಗಳ ಮೇಲೆ ಚುಕ್ಕೆ ಅಂಟಿಸಿ, ಟ್ರೆಡ್‌ಮಿಲ್ ಮೇಲೆ ಓಡಿಸುತ್ತೇವೆ. ಮೊದಲ ಐದಾರು ನಿಮಿಷ ನಾನು ರೆಕಾರ್ಡ್ ಮಾಡುವುದಿಲ್ಲ. ಯಾರೋ ನೋಡುತ್ತಿದ್ದಾರೆ ಎಂದಾಗ ಮದುವೆ ಮನೆಗೆ ಬಂದವರ ಹಾಗೆ ಎಲ್ಲರೂ ನೀಟಾಗಿ ಓಡುತ್ತಾರೆ! ಆಮೇಲೆ ಹಿಂದಿನಿಂದ ಒಂದು, ಪಕ್ಕದಿಂದ ಒಂದು ವಿಡಿಯೋ. ನಿಮ್ಮಂಥವರಿಗೆ ನೋವು ಶುರುವಾಗುವ ಹೊತ್ತಿಗೆ ಮತ್ತೊಂದು ಬೇಕೇ ಬೇಕು. ದಣಿಯದ ಕಾಲು ನಿಜ ಹೇಳುವುದಿಲ್ಲ. ನೀವು ಪರೀಕ್ಷೆಗೆ ಹೋದ ಕಡೆ ಎರಡು ನಿಮಿಷ ಓಡಿಸಿ ಪ್ರಿಂಟ್ ಕೈಗೆ ಕೊಟ್ಟರೆ, ಅದು ದುಡ್ಡು ದಂಡವೇ.

ನಿಮ್ಮಲ್ಲಿ ನಾನು ಮುಖ್ಯವಾಗಿ ಸೊಂಟ ನೋಡುತ್ತೇನೆ. ಬಲಗಾಲ ಮೇಲೆ ನಿಂತ ಕ್ಷಣದಲ್ಲಿ ಸೊಂಟದ ಎಡಬದಿ ಕೆಳಗೆ ಜಾರುತ್ತಿದೆಯಾ? ಜಾರಿದರೆ ಬಲ ಸೊಂಟದ ಪಕ್ಕದ ಸ್ನಾಯು ಸೋಲುತ್ತಿದೆ ಎಂದರ್ಥ. ಟ್ರೆಂಡೆಲೆನ್‌ಬರ್ಗ್ ಎಂಬ ಜರ್ಮನ್ ಸರ್ಜನ್ 1895ರಲ್ಲೇ ಇದನ್ನು ಬರೆದಿಟ್ಟರು. ಅವರು ನೋಡಿದ್ದು ನಡಿಗೆಯಲ್ಲಿ, ನಾವು ಓಟದಲ್ಲಿ ನೋಡುತ್ತೇವೆ. ಸೊಂಟ ಜಾರಿದಾಗ ತೊಡೆ ಒಳಕ್ಕೆ ಬಾಗುತ್ತದೆ, ಆ ಪಟ್ಟಿ ಬಿಗಿಯುತ್ತದೆ. ಎರಡೂ ಪಾದ ಒಂದೇ ಗೆರೆಯ ಮೇಲೆ ಬೀಳುತ್ತಿದ್ದರೂ, ಅಂದರೆ ಗದ್ದೆಯ ಬದುವಿನ ಮೇಲೆ ಓಡಿದ ಹಾಗಿದ್ದರೂ, ಇದೇ ಪಾಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಸೋಲುತ್ತಿರುವುದು ಸೊಂಟ, ನೀಕ್ಯಾಪ್ ಮಂಡಿಗೆ!

ಇಲ್ಲೊಂದು ಎಚ್ಚರಿಕೆ. ವಿಡಿಯೋದಲ್ಲಿ ಕಂಡ ಓರೆಯೇ ನೋವಿಗೆ ಕಾರಣ ಎಂದು ಹೇಳಲಾಗದು. ಎಂಟು ತಿಂಗಳು ನೋವು ತಿಂದವರು ನೋವಿನಿಂದಲೇ ವಾರೆ ಓಡುತ್ತಿರಬಹುದು. ಉಸೇನ್ ಬೋಲ್ಟ್ ಬೆನ್ನುಮೂಳೆಯೇ ವಕ್ರ. 2017ರಲ್ಲಿ ಅವರ ಓಟ ಅಳೆದಾಗ ಎಡಗಾಲು ಬಲಗಾಲಿಗಿಂತ ಶೇ 14ರಷ್ಟು ಹೆಚ್ಚು ಹೊತ್ತು ನೆಲದಲ್ಲಿರುವುದು ಕಂಡಿತು. ಅದನ್ನು ಸರಿ ಮಾಡುತ್ತೇನೆಂದು ಯಾರಾದರೂ ಹೋಗುತ್ತಾರಾ? ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ನನಗೂ ಎಲ್ಲರ ನಡಿಗೆಯಲ್ಲೂ ತಪ್ಪೇ ಕಾಣುತ್ತಿತ್ತು. ಸುಮ್ನೆ ಎಷ್ಟೋ ಜನರ ಓಟ ಕೆಡಿಸಿದ್ದೇನೆ. ಈಗ ಒಂದು ನಿಯಮ: ಒಂದನ್ನು ಮಾತ್ರ ಬದಲಿಸಿ, ನೋವು ಇಳಿಯುತ್ತಾ ಅಂತ ಅಲ್ಲೇ ನೋಡುವುದು. ಇಳಿಯದಿದ್ದರೆ ಅದು ಕಾರಣವಲ್ಲ.

ನಿಮಗೆ ಮೊದಲು ಬದಲಿಸಬೇಕಾದದ್ದು ಹೆಜ್ಜೆಯ ಎಣಿಕೆ. ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ. 160 ಇದ್ದರೆ, ವೇಗ ಅಷ್ಟೇ ಇಟ್ಟುಕೊಂಡು 168ರಿಂದ 170 ಮಾಡಿ. ಫೋನಿನಲ್ಲಿ ಮೆಟ್ರೊನೋಮ್, ಅಂದರೆ ಟಿಕ್ ಟಿಕ್ ಎಂದು ಎಣಿಕೆ ಕೊಡುವ ಆ್ಯಪ್, ಹಾಕಿಕೊಂಡರೆ ತಾಳ ಸಿಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ಮೈಗೆ ಹತ್ತಿರ ಬೀಳುತ್ತದೆ, ಮಂಡಿಯ ಹೊರೆ ಇಳಿಯುತ್ತದೆ. ಇಷ್ಟಕ್ಕೆ ಖರ್ಚು ಸೊನ್ನೆ. ಜೊತೆಗೆ ಸೊಂಟದ ಪಕ್ಕದ ಸ್ನಾಯುವಿಗೆ ವ್ಯಾಯಾಮ: ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಜಗಲಿ ಮೆಟ್ಟಿಲಿನಿಂದ ಒಂದೇ ಕಾಲಲ್ಲಿ ನಿಧಾನ ಇಳಿಯುವುದು. ವಾರಕ್ಕೆ ಮೂರು ದಿನ, ಕನಿಷ್ಠ ಎರಡು ತಿಂಗಳು. ಅಲ್ಲಿಯವರೆಗೆ ಗಿರಿ ಇಳಿಯುವುದು ಬೇಡ. ಹತ್ತಿ, ಜೀಪಿನಲ್ಲಿ ಇಳಿಯಿರಿ. ಓಟ ಪೂರ್ತಿ ಬಿಡುವುದೂ ಬೇಡ. ಸಮತಟ್ಟಿನಲ್ಲಿ 3 ಕಿ.ಮೀ.ಗೆ ನಿಲ್ಲಿಸಿ, ಅಂದರೆ ನೋವು ಬರುವ ಮೊದಲೇ. ಎರಡು ತಿಂಗಳಾದರೂ ತಗ್ಗದಿದ್ದರೆ ಆಗ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನ್ನ ಮಗಳಿಗೆ 15. ಹಾಸನದಲ್ಲಿ 800 ಮೀಟರ್ ಅಭ್ಯಾಸ ಮಾಡುತ್ತಾಳೆ. ಮಂಡಿಯ ಕೆಳಗೆ ಮುಂದಿನ ಮೂಳೆಯಲ್ಲಿ ಎರಡು ತಿಂಗಳಿಂದ ನೋವು. ಅವಳಿಗೂ ಈ ವಿಡಿಯೋ ಪರೀಕ್ಷೆ ಮಾಡಿಸಬಹುದಾ?

ಉತ್ತರ: ಈಗಲೇ ಬೇಡಮ್ಮಾ. ಮೊದಲು ಮೂಳೆ ಡಾಕ್ಟರ್. ಬೆರಳಿನಿಂದ ಒತ್ತಿ ನೋಡಿ. ಗೇಣುದ್ದಕ್ಕೂ ನೋವಿದ್ದರೆ ಸಾಮಾನ್ಯವಾಗಿ ಅದು ಶಿನ್ ಸ್ಪ್ಲಿಂಟ್, ಅಂದರೆ ಓಟದ ಹೊರೆಯಿಂದ ಆ ಮೂಳೆಯ ಅಂಚಿಗೆ ಬರುವ ನೋವು. ಹೊರೆ ತಗ್ಗಿಸಿದರೆ ವಾಸಿಯಾಗುತ್ತದೆ. ಒಂದೇ ಚುಕ್ಕೆಯಲ್ಲಿ ಚುರ್ ಎಂದರೆ, ಕುಂಟೆಬಿಲ್ಲೆಯ ಹಾಗೆ ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ರಾತ್ರಿಯೂ ನೋಯುತ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಅದು ಎಕ್ಸ್‌ರೇಯಲ್ಲಿ ಮೊದಲ ವಾರಗಳಲ್ಲಿ ಕಾಣದೆಯೂ ಹೋಗಬಹುದು. ಆ ಕಾಲನ್ನು ಟ್ರೆಡ್‌ಮಿಲ್ ಮೇಲೆ ಓಡಿಸಬಾರದು. ಇನ್ನೊಂದು, ಸಂಕೋಚವಿಲ್ಲದೆ ಕೇಳಿ: ಮುಟ್ಟು ತಿಂಗಳು ತಿಂಗಳು ಆಗುತ್ತಿದೆಯಾ, ಹೊಟ್ಟೆ ತುಂಬ ತಿನ್ನುತ್ತಾಳಾ? ಓಟಕ್ಕೆ ತಕ್ಕ ಊಟ ಇಲ್ಲದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ. ಇದನ್ನು ಯಾವ ಕ್ಯಾಮೆರಾವೂ ಹಿಡಿಯುವುದಿಲ್ಲ.

ಪ್ರಶ್ನೆ: ಬೇಲೂರು ಕಡೆಯವನು, 19 ವರ್ಷ, ಕಬಡ್ಡಿ ರೈಡರ್. ಎರಡು ವರ್ಷದಲ್ಲಿ ಬಲ ಪಾದ ನಾಲ್ಕು ಸಲ ಉಳುಕಿದೆ. ಪ್ರತಿ ಸಲ ಎಣ್ಣೆ ಹಾಕಿ ನೀವಿಸಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ವಾರದಲ್ಲಿ ಮತ್ತೆ ಆಡಿದ್ದೇನೆ. ಈಗ ಎಡ ಮಂಡಿಯೂ ನೋಯುತ್ತಿದೆ.

ಉತ್ತರ: ಬಲಗಾಲನ್ನು ನಂಬದೆ ಎಡಗಾಲ ಮೇಲೆ ಬೀಳುತ್ತಿದ್ದೀರಿ ಎಂದು ನನ್ನ ಗುಮಾನಿ. ನಿಮಗೆ ಓಟದ ವಿಡಿಯೋ ಬೇಡ, ರೈಡ್ ಮಾಡುವ, ಜಿಗಿದು ಇಳಿಯುವ ವಿಡಿಯೋ ಬೇಕು. ಮುಂದಿನ ಪ್ರಾಕ್ಟೀಸಿನಲ್ಲಿ ಗೆಳೆಯರಿಂದ ನಿಧಾನಗತಿಯಲ್ಲಿ ತೆಗೆಸಿ. ಯಾವ ಕಾಲಲ್ಲಿ ಇಳಿಯುತ್ತೀರಿ, ಆಗ ಎಡ ಮಂಡಿ ಒಳಕ್ಕೆ ವಾಲುತ್ತಾ ನೋಡಿ.

ಮನೆಯಲ್ಲೇ ಇನ್ನೊಂದು ಪರೀಕ್ಷೆ. ಗೋಡೆಗೆ ಮುಖ ಮಾಡಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಪಾದ ಹಿಂದಕ್ಕೆ ಹಿಂದಕ್ಕೆ ಸರಿಸುತ್ತಾ, ಹೆಬ್ಬೆರಳಿಗೂ ಗೋಡೆಗೂ ಎಷ್ಟು ದೂರ ಸಾಧ್ಯ ಅಳೆಯಿರಿ. 10 ಸೆಂ.ಮೀ. ಆಸುಪಾಸು ಇದ್ದರೆ ಸರಿ. ಎರಡು ಕಾಲಿಗೆ 2 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಾದದ ಕೀಲು ಬಿಗಿದಿದೆ. ಬಿಗಿದ ಕೀಲು ಮಡಿಚುವ ಕೆಲಸವನ್ನು ಮಂಡಿಗೆ ದಾಟಿಸುತ್ತದೆ. ಜೊತೆಗೆ ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಂತು ನೋಡಿ. ಬಲಗಾಲಲ್ಲಿ ಬೇಗ ತೂರಾಡಿದರೆ ಅದಕ್ಕೆ ಇನ್ನೂ ಹದ ಬಂದಿಲ್ಲ. ಅದನ್ನೇ ದಿನಾ ಅಭ್ಯಾಸ ಮಾಡಿ, ಹಲ್ಲುಜ್ಜುವಾಗಲೂ ಆಗುತ್ತದೆ. ಆರು ವಾರ ಬೇಕು. ಆಡುವಾಗ ಲೇಸ್ ಕಟ್ಟುವ ಆ್ಯಂಕಲ್ ಬ್ರೇಸ್ ಹಾಕಿ.

ಉಳುಕಿದ ದಿನವೇ ಬಲವಾಗಿ ನೀವಿಸಬೇಡಿ, ಬಾವು ಹೆಚ್ಚುತ್ತದೆ. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ ಎಕ್ಸ್‌ರೇ ಮಾಡಿಸಿ.

ಪ್ರಶ್ನೆ: ಶೂ ಅಂಗಡಿಯಲ್ಲಿ ಪಾದ ಸ್ಕ್ಯಾನ್ ಮಾಡಿ ದುಬಾರಿ ಇನ್‌ಸೋಲ್ ಹಾಕಿಸಿ ಎಂದರು. ಹಾಕಿಸಲಾ? – ಓದುಗರು, ಅರಸೀಕೆರೆ

ಉತ್ತರ: ನೋವಿಲ್ಲದಿದ್ದರೆ ಬೇಡ. ಚಪ್ಪಟೆ ಪಾದ ಕಾಯಿಲೆ ಅಲ್ಲ. ನೋವಿದ್ದರೆ ಫಿಸಿಯೋ ಹತ್ತಿರ ಹೋಗಿ, ಹೋಗುವಾಗ ಹಳೇ ಶೂ ತೆಗೆದುಕೊಂಡು ಹೋಗಿ. ಅಟ್ಟೆಯ ಹಿಮ್ಮಡಿಯ ಹೊರಅಂಚು ಸವೆದಿದ್ದರೆ ಹೆದರಬೇಡಿ, ಬಹಳ ಜನರದ್ದು ಹಾಗೇ ಸವೆಯುತ್ತದೆ. ಒಂದು ಶೂ ಇನ್ನೊಂದಕ್ಕಿಂತ ಬೇರೆ ಥರ ಸವೆದಿದ್ದರೆ ಅದನ್ನು ತಪ್ಪದೆ ತೋರಿಸಿ.