ಜಿಂಕೆ ಬೇಟೆಗೆ ಮಡಚದ ಚಾಕುವೇ ಏಕೆ, ಅಲಗು ಎಷ್ಟು ಉದ್ದವಿರಬೇಕು?

ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಯಾಡುವವರಿಗೆ, ಬಿದ್ದ ಪ್ರಾಣಿಯ ಕರುಳನ್ನು ಕಾಡಿನಲ್ಲೇ ತೆಗೆಯಲು, 8ರಿಂದ 10 ಸೆಂಟಿಮೀಟರ್ ಅಲಗಿನ ಮಡಚದ ಚಾಕು ಸಾಕು. ಮಡಚುವ ಚಾಕುವಿನ ಕೀಲಿನೊಳಗೆ ರಕ್ತ, ಕೊಬ್ಬು ಸೇರಿಕೊಂಡರೆ ತೊಳೆಯುವುದು ಕಷ್ಟ. ಮಡಚದ ಚಾಕುವಿನಲ್ಲಿ ಆ ಸಂದೂ ಇಲ್ಲ, ಒತ್ತಿದಾಗ ಅಲಗು ಮಡಚಿಕೊಂಡು ಬೆರಳು ಕೊಯ್ಯುವ ಭಯವೂ ಇಲ್ಲ. ಗಿಡ್ಡ ಅಲಗೇ ಏಕೆಂಬುದು ಹೊಟ್ಟೆ ಸೀಳುವಾಗ ತಿಳಿಯುತ್ತದೆ: ಹರಿತವಾದ ಬದಿಯನ್ನು ಮೇಲಕ್ಕೆ ತಿರುಗಿಸಿ, ಮೊನೆಯನ್ನು ಇನ್ನೊಂದು ಕೈಯ ಎರಡು ಬೆರಳುಗಳ ನಡುವೆ ಕಾಪಾಡಿಕೊಂಡು, ಚರ್ಮವನ್ನು ಒಳಗಿನಿಂದ ಎತ್ತುತ್ತಾ ಕೊಯ್ಯಬೇಕು, ಉದ್ದನೆಯ ಮೊನೆ ಬೆರಳು ದಾಟಿ ಜಠರಕ್ಕೆ ತಾಗಿದರೆ ಅದರೊಳಗಿನ ಹೊಲಸು ಮಾಂಸಕ್ಕೆ ಹರಡುತ್ತದೆ. ಮನೆಗೆ ತಂದ ಮೇಲೆ ಮೂಳೆಯಿಂದ ಮಾಂಸ ಬಿಡಿಸಲು ಮಾತ್ರ ಸುಮಾರು 15 ಸೆಂಟಿಮೀಟರಿನ, ತೆಳ್ಳಗೆ ಬಳುಕುವ ಬೇರೊಂದು ಚಾಕು ಇಟ್ಟುಕೊಳ್ಳುವುದು ಒಳ್ಳೆಯದು.